ಮೊದಲು ನೆರಳು, ಆಮೇಲೆ ಕೋಣೆ: ಚಳ್ಳಕೆರೆ ಸೀಮೆಯಲ್ಲಿ ನನ್ನ ತೋಟದ ಹೋಂಸ್ಟೇ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆ ಹೋಂಸ್ಟೇ ಮಾಡುತ್ತೇನೆ ಎಂದಾಗ ಎಲ್ಲರೂ ಕೇಳಿದ್ದು ಒಂದೇ: "ಇಲ್ಲಿ ನೋಡಾಕೆ ಏನೈತೆ?" ಮಲೆನಾಡಿನಲ್ಲಿ ಕಾಫಿ ತೋಟ, ಜಲಪಾತ, ಮಂಜು ಇದೆ. ನಮ್ಮದು ಅರೆ ಮರುಭೂಮಿಯಂಥ ಸೀಮೆ. ಬಳ್ಳಾರಿ ಜಾಲಿ, ಕುರಿ ಮಂದೆ, ಬಿಸಿಲು. ವರ್ಷದ ಮಳೆ 500 ಮಿ.ಮೀ. ಆಸುಪಾಸು, ಕೆಲವು ವರ್ಷ ಅದೂ ಇಲ್ಲ. ಸಾಲ ಕೇಳಲು ಹೋದಾಗ ಬ್ಯಾಂಕಿನಲ್ಲೂ ಇದೇ ಪ್ರಶ್ನೆ. ಈಗ ನವೆಂಬರ್‌ನಿಂದ ಫೆಬ್ರವರಿ ತನಕ ಶನಿವಾರ, ಭಾನುವಾರ ಕೋಣೆ ಸಿಗುವುದೇ ಕಷ್ಟ. ಏಪ್ರಿಲ್‌ನಲ್ಲೂ ಬೆಂಗಳೂರಿನಿಂದ ಬಂದು ಎರಡು ದಿನ ಮಲಗಿ ಹೋಗುವವರಿದ್ದಾರೆ. ಏಪ್ರಿಲ್‌ನಲ್ಲಿ ಚಳ್ಳಕೆರೆಗೆ! ಅದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ.

ಪರವಾನಗಿ, ದರಪಟ್ಟಿ ಇವೆಲ್ಲ ಈ ಕಸುಬಿನವರಿಗೆ ಗೊತ್ತಿರುವುದೇ. ಬಿಡುತ್ತೇನೆ. ಬಯಲುಸೀಮೆಯಲ್ಲಿ ಜನ ದುಡ್ಡು ಕೊಡುವುದು ನೆರಳಿಗೆ ಮತ್ತು ಸದ್ದಿಲ್ಲದ ಮಧ್ಯಾಹ್ನಕ್ಕೆ. ಹಾಗಾಗಿ ನಾನು ನಾಲ್ಕೈದು ವರ್ಷ ಒಂದು ಇಟ್ಟಿಗೆಯನ್ನೂ ಇಡಲಿಲ್ಲ. ಬರೀ ಮರ ಬೆಳೆಸಿದೆ. "ಶೇಂಗಾ ಬೆಳೆಯೋ ಹೊಲಕ್ಕೆ ಬೇವು ಹಾಕ್ತೀಯಲ್ಲೋ" ಎಂದು ನಮ್ಮ ದೊಡ್ಡಪ್ಪ ಬೈಯುತ್ತಲೇ ಇದ್ದರು.

ಬೇವು ಮತ್ತು ಹೊಂಗೆಯನ್ನೇ ಜಾಸ್ತಿ ಹಾಕಲು ಕಾರಣ ಇದೆ. ಇವೆರಡೂ ಬೇಸಿಗೆ ಶುರುವಾಗುವಾಗ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಹೊಸ ಚಿಗುರು ತರುತ್ತವೆ. ಬಿಸಿಲು ಜೋರಾದಾಗಲೇ ನೆರಳು ದಟ್ಟ. ಮಧ್ಯೆ ಹುಣಸೆ, ಸೀತಾಫಲ, ನೆಲ್ಲಿ. ಜೂನ್, ಜುಲೈನಲ್ಲಿ ನಮ್ಮಲ್ಲಿ ಮಳೆಗಿಂತ ಗಾಳಿಯೇ ಜಾಸ್ತಿ ಅಲ್ವಾ, ಪಡುವಣದಿಂದ ಧೂಳು ಹೊತ್ತು ತರುತ್ತದೆ. ಆ ಕಡೆ ಬದುವಿನ ಮೇಲೆ ಕತ್ತಾಳೆ, ಅದರ ಹಿಂದೆ ಎರಡು ಸಾಲು ಮರ. ಮೊದಲು ಅಲ್ಲಿ ಸರ್ವೆ ಮರ ಹಾಕಿದ್ದೆ, ಎರಡನೇ ಬೇಸಿಗೆಗೆ ಒಣಗಿ ನಿಂತಿತು. ಹುಲ್ಲುಹಾಸಿಗೆ ಸುಮಾರು 60 ಸಾವಿರ ಹೋಯಿತು. ಮೇ ತಿಂಗಳಲ್ಲಿ ಟ್ಯಾಂಕರ್ ನೀರು ಹೊಡೆಸಿದರೂ ಉಳಿಯಲಿಲ್ಲ. ಈಗ ಅಂಗಳ ಬರೀ ಕೆಂಪು ಮಣ್ಣು. ದಿನಾ ಗುಡಿಸಿ, ಸಂಜೆ ನೀರು ಚಿಮುಕಿಸುತ್ತೇವೆ. ಅತಿಥಿಗಳು ಚಪ್ಪಲಿ ಬಿಟ್ಟು ಓಡಾಡುವುದು ಅಲ್ಲೇ. ಹೂವಿಗೆ ಕಣಗಿಲೆ, ಕಾಗದದ ಹೂ, ನಿತ್ಯಪುಷ್ಪ, ದುಂಡುಮಲ್ಲಿಗೆ ಸಾಕು. ಗುಲಾಬಿಯ ಹಟ ಬಿಟ್ಟೆ.

ಮಣ್ಣಿಗೆ ಕೆರೆ ಗೋಡು (ಹೂಳು) ಹೊಡೆಸಿದೆ, ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಮಂದೆ ತಂಗಿಸಿದೆ. ಎಣ್ಣೆ ಗಿರಣಿಗಳ ಊರಾದ್ದರಿಂದ ಶೇಂಗಾ ಹೊಟ್ಟು ಸಿಗುತ್ತದೆ. ಅದನ್ನು ಬುಡಕ್ಕೆ ಗೇಣುದ್ದ ಹಾಸಿದರೆ ನೀರಿನ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಆದರೆ ಗೆದ್ದಲು ಬರುತ್ತದೆ. ಮೊದಲ ವರ್ಷದ ಸಸಿಗಳಲ್ಲಿ ಮೂರರಲ್ಲೊಂದು ಗೆದ್ದಲಿಗೇ ಹೋಯಿತು. ಆಮೇಲೆ ಹೊಟ್ಟಿಗೆ ಒಂದು ಮಿಶ್ರಣ ಬೆರೆಸಿ ಹಾಕಲು ಶುರು ಮಾಡಿದೆ, ನಿಂತಿತು. ಅದರಲ್ಲಿ ಬೇವಿನ ಹಿಂಡಿ ಇದೆ. ಉಳಿದದ್ದನ್ನು ಇಲ್ಲಿ ಬರೆಯುವುದಿಲ್ಲ.

ದುಡ್ಡು ನುಂಗಿದ್ದು ನೀರು. ಬೋರ್ ಕೊರೆಸಿ ಕೊರೆಸಿ ನಾಲ್ಕು ಲಕ್ಷದ ಹತ್ತಿರ ಹೋಯಿತು. 700 ಅಡಿಗೆ ಇಳಿದರೂ ಬರೀ ಧೂಳು ಬಂದದ್ದಿದೆ. ಒಂದರಲ್ಲಿ ಒಂದೂವರೆ ಇಂಚು ನೀರು ಸಿಕ್ಕಿತು, ಅದೂ ಮಾರ್ಚ್‌ಗೆ ಕೈ ಕೊಡುತ್ತದೆ. ಕೊನೆಗೆ ಕಾಪಾಡಿದ್ದು ಕೃಷಿ ಹೊಂಡ. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ಟಾರ್ಪಾಲ್ ಹಾಸಿದ್ದೇನೆ. ಬದಿಗಳು ಇಳಿಜಾರಾದ್ದರಿಂದ ತುಂಬಿದರೆ ಒಂಬತ್ತು ಹತ್ತು ಲಕ್ಷ ಲೀಟರ್. ಆದರೆ ಬೇಸಿಗೆಯಲ್ಲಿ ದಿನಕ್ಕೆ 6, 7 ಮಿ.ಮೀ. ಆವಿಯಾಗುತ್ತದೆ, ಅಂದರೆ ಎರಡೂವರೆ ಮೂರು ಸಾವಿರ ಲೀಟರ್. ಅತಿಥಿಗಳೆಲ್ಲ ಸೇರಿ ಬಳಸುವುದಕ್ಕಿಂತ ಸೂರ್ಯ ಕುಡಿಯುವುದೇ ಜಾಸ್ತಿ! ಮೇಲೆ ನೆರಳು ಬಲೆ ಕಟ್ಟಿದೆ. ಮೊದಲನೆಯದು ಆಷಾಢದ ಗಾಳಿಗೆ ಹರಿದು ಹೋಯಿತು. ಈಗ ತಂತಿಯ ಮೇಲೆ ಪರದೆಯ ಹಾಗೆ ಸರಿಸುವಂತೆ ಮಾಡಿ, ಗಾಳಿ ತಿಂಗಳಲ್ಲಿ ಸುತ್ತಿಡುತ್ತೇನೆ.

ಅಡುಗೆ ಮನೆಯ ಹೆಂಚಿನ ನೀರು ಬೇರೆ ತೊಟ್ಟಿಗೆ. ನೂರು ಚದರ ಮೀಟರ್ ಚಾವಣಿಗೆ ವರ್ಷಕ್ಕೆ 40 ಸಾವಿರ ಲೀಟರ್ ಲೆಕ್ಕ ಹಿಡಿಯಿರಿ. ನಮ್ಮಲ್ಲಿ ಕುಡಿಯಲು, ಅಡುಗೆಗೆ ಅದೇ. ಸ್ನಾನಕ್ಕೆ ಶವರ್ ಇಲ್ಲ. ಹಂಡೆ ನೀರು, ಬಕೆಟ್, ಚೊಂಬು. ತಲೆಗೆ ನೂರು ಲೀಟರ್‌ನಲ್ಲಿ ದಿನ ಕಳೆಯುತ್ತದೆ. ಯಾರೂ ದೂರಿಲ್ಲ, ಎಷ್ಟೋ ಜನರಿಗೆ ಹಂಡೆ ಸ್ನಾನವೇ ಇಷ್ಟ.

ಕೋಣೆ ನಾಲ್ಕೇ. ನಮ್ಮ ಹಳೇ ಮಾಳಿಗೆ ಮನೆಗಳ ಹಾಗೆ ದಪ್ಪ ಕಲ್ಲು ಗೋಡೆ, ಚಾವಣಿಗೆ ಕರಲು (ಚೌಳು) ಮಣ್ಣು. ಗಾರೆ ಕೆಲಸದವರು ಆರ್‌ಸಿಸಿ ಹಾಕಿ ಎಂದು ಹಿಂದೆ ಬಿದ್ದಿದ್ದರು. ಹೋಲಿಸಿ ನೋಡೋಣ ಎಂದು ಒಂದು ಶೀಟ್ ಕೋಣೆಯನ್ನೂ ಎಬ್ಬಿಸಿದೆ. ಏಪ್ರಿಲ್ ಮಧ್ಯಾಹ್ನ ಅದರೊಳಗೆ ಕೂರಲು ಆಗಲಿಲ್ಲ, ಮಾಳಿಗೆ ಕೋಣೆಯಲ್ಲಿ ಫ್ಯಾನ್ ಹಾಕಿ ನಿದ್ದೆ ಮಾಡಬಹುದಿತ್ತು. ಶೀಟ್ ಕೋಣೆ ಈಗ ಗೊಬ್ಬರದ ಗೋಡೌನು.

ಇನ್ನೊಂದು ಪ್ರಯೋಗ ನನಗೆ ತುಂಬಾ ಪ್ರೀತಿಯದು. ಬಚ್ಚಲ ನೀರು ಹರಿಯುವ ಕಡೆ ಲಾವಂಚ ನೆಟ್ಟೆ, ಬೇರು ಘಮಘಮಿಸುವ ಹುಲ್ಲು ಅದು. ಒಂದೂವರೆ ವರ್ಷಕ್ಕೆ ಬೇರು ಕಿತ್ತು, ತೊಳೆದು, ತಡಿಕೆ ಕಟ್ಟಿ ಪಡುವಣದ ಕಿಟಕಿಗಳಿಗೆ ನೇತು ಹಾಕಿದೆ. ಮಧ್ಯಾಹ್ನ ಒಂದೆರಡು ಸಲ ನೀರು ಚಿಮುಕಿಸಿದರೆ ಸಾಕು, ಕೋಣೆ ತಂಪು, ಜೊತೆಗೆ ಆ ಪರಿಮಳ. ಕರಾವಳಿಯ ಸೆಕೆಯಲ್ಲಿ ಇದು ನಡೆಯುವುದಿಲ್ಲ, ಗಾಳಿ ಒಣಗಿರಬೇಕು. ನಮ್ಮ ಒಣ ಹವೆ ಕೆಲಸಕ್ಕೆ ಬಂದದ್ದು ಇಲ್ಲೇ. ಎಸಿ ಇದೆಯಾ ಎಂದು ಕೇಳಿ ಬಂದವರು ಆಮೇಲೆ ಅದರ ಸುದ್ದಿ ಎತ್ತಲಿಲ್ಲ. ತಡಿಕೆ ಹೆಣೆಯುವಾಗ ಬೇರು ಉದುರದಂತೆ ಬಿಗಿಯುವ ರೀತಿ ಒಂದಿದೆ. ಅದು ಕೈಯಲ್ಲಿ ಹಿಡಿದು ತೋರಿಸುವಂಥದ್ದು.

2022ರಲ್ಲಿ ಮಾರಿಕಣಿವೆ (ವಾಣಿವಿಲಾಸ ಸಾಗರ) ಅಣೆಕಟ್ಟು ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ಅದನ್ನು ನೋಡಲು ಹಿರಿಯೂರಿಗೆ ಬಂದ ಜನರಲ್ಲಿ ಕೆಲವರು ನಮ್ಮಲ್ಲಿ ಉಳಿದರು. ಅವರ ಬಾಯಿಂದಲೇ ಹೆಸರು ಹರಡಿತು. ಅದಕ್ಕೆ ಮೊದಲು ಒಂದು ಬುಕಿಂಗ್ ಕಂಪನಿಗೆ ಸೇರಿದ್ದೆ. ನೂರಕ್ಕೆ ಇಪ್ಪತ್ತು ಅವರಿಗೆ, ಕಳಿಸಿದ್ದು ಸ್ಪೀಕರ್ ಹೊತ್ತು ಬರುವ ಹುಡುಗರ ಗುಂಪನ್ನು. ಬಿಟ್ಟುಬಿಟ್ಟೆ. ಈಗ ಫೋನಿನಲ್ಲೇ ಹೇಳುತ್ತೇನೆ: ಟಿವಿ ಇಲ್ಲ, ಈಜುಕೊಳ ಇಲ್ಲ, ಸ್ಪೀಕರ್ ತರುವಂತಿಲ್ಲ. ಅರ್ಧ ಜನ ಅಲ್ಲೇ ಬಿಟ್ಟು ಹೋಗುತ್ತಾರೆ. ಉಳಿದವರು ಮತ್ತೆ ಮತ್ತೆ ಬರುತ್ತಾರೆ.

ಹನ್ನೊಂದರಿಂದ ನಾಲ್ಕರವರೆಗೆ ಎಲ್ಲೂ ಹೋಗಬೇಡಿ ಎಂದು ನಾನೇ ತಡೆಯುತ್ತೇನೆ. ಊಟಕ್ಕೆ ಮುದ್ದೆ, ಹುರುಳಿ ಸಾರು ಅಥವಾ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಮುದ್ದೆ ಉಂಡವರು ತಾನಾಗಿ ಮಲಗುತ್ತಾರೆ. ಸಂಜೆ ಬೇಕಾದವರಿಗೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ ತೋರಿಸಿ ಬರುತ್ತೇನೆ. ರಾತ್ರಿ ಬೇವಿನಡಿ ಹಗ್ಗದ ಮಂಚ, ಸೊಳ್ಳೆ ಪರದೆ. ಹಗಲು ಎಷ್ಟು ಸುಟ್ಟರೂ ನಮ್ಮಲ್ಲಿ ಬೆಳಗಿನ ಜಾವ ಹೊದಿಕೆ ಬೇಕು. ಚಳ್ಳಕೆರೆ ಕಂಬಳಿಯನ್ನೇ ಕೊಡುತ್ತೇನೆ.

ಲೆಕ್ಕ ನೆನಪಿನಿಂದ ಹೇಳುವುದಾದರೆ, ಮರ, ನೀರು, ಬೇಲಿಗೆ ಹತ್ತು ಲಕ್ಷ, ಕೋಣೆಗಳಿಗೆ 22 ಲಕ್ಷದ ಸುತ್ತ. ಊಟ ಸೇರಿ ತಲೆಗೆ 2,000 ರೂಪಾಯಿ. ಒಳ್ಳೆ ತಿಂಗಳು ಒಂದೂಕಾಲು ಲಕ್ಷ ಬರುತ್ತದೆ, ಗಾಳಿ ತಿಂಗಳಲ್ಲಿ ಮೂವತ್ತು ಸಾವಿರ ಆದರೆ ಹೆಚ್ಚು. ಆಳು, ಅಡುಗೆ, ಕರೆಂಟಿಗೆ 50 ಸಾವಿರ ಬೇಕೇ ಬೇಕು. ಸಾಲ ಅರ್ಧ ತೀರಿದೆ. ಈ ವರ್ಷ ಕೋಣೆ ಹೆಚ್ಚಿಸುವುದಿಲ್ಲ, ಎರಡನೇ ಹೊಂಡ ತೋಡಿಸುತ್ತೇನೆ. ಲಾವಂಚದ ಬುಡ ಬೇಕಾದವರು ಮಳೆ ಬಿದ್ದ ಮೇಲೆ ಚೀಲ ಹಿಡಿದು ಬನ್ನಿ, ದುಡ್ಡು ತೆಗೆದುಕೊಳ್ಳುವುದಿಲ್ಲ.