ಪಿಎಚ್‌ಪಿಯಲ್ಲಿ ರ‍್ಯಾಂಡಮ್ ಸಂಖ್ಯೆ: ನಾನು ಮಾಡುವ ರೀತಿ

ರ‍್ಯಾಂಡಮ್ ಸಂಖ್ಯೆ ಬೇಕಾದಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಇದನ್ನು ಮುಂಚೆಯೇ ಊಹಿಸಿದವರಿಗೆ ಏನಾದರೂ ಲಾಭವಿದೆಯೇ? ಇದ್ದರೆ, ವೆಬ್‌ಸೈಟ್‌ಗಳಿಗೆ ಬಳಸುವ ಪಿಎಚ್‌ಪಿ ಭಾಷೆಯ ಫಂಕ್ಷನ್ ಎಂಟಿ_ರ‍್ಯಾಂಡ್ ಮುಟ್ಟುವುದಿಲ್ಲ. ಅದರೊಳಗಿರುವುದು ಮರ್ಸೆನ್ ಟ್ವಿಸ್ಟರ್ ಎಂಬ ಲೆಕ್ಕದ ವಿಧಾನ. ವೇಗವಿದೆ, ಹಂಚಿಕೆಯೂ ಚೆನ್ನಾಗಿದೆ, ಆದರೆ ಸೀಡ್ (ಲೆಕ್ಕ ಶುರುವಾಗುವ ಮೂಲ ಸಂಖ್ಯೆ) ಬರೀ 32 ಬಿಟ್, ಅಂದರೆ ಸುಮಾರು 429 ಕೋಟಿ ಸಾಧ್ಯತೆ. ಹೊರಬಂದ ಕೆಲವು ಸಂಖ್ಯೆ ಕೈಗೆ ಸಿಕ್ಕರೆ ಸಾಧಾರಣ ಕಂಪ್ಯೂಟರೇ ಅಷ್ಟನ್ನೂ ಜಾಲಾಡಿ ಸೀಡ್ ಹುಡುಕುತ್ತದೆ. ಆಮೇಲೆ ಬರುವ ಸಂಖ್ಯೆಗಳಲ್ಲಿ ಗುಟ್ಟೇನೂ ಉಳಿಯದು. ಪಿಎಚ್‌ಪಿ 7.1 ಆವೃತ್ತಿಯಿಂದ ರ‍್ಯಾಂಡ್ ಕೂಡ ಇದರದೇ ಇನ್ನೊಂದು ಹೆಸರು.

ಲಾಗಿನ್‌ನ ಒಟಿಪಿಗೆ ನಾನು ಬಳಸುವುದು ರ‍್ಯಾಂಡಮ್_ಇಂಟ್. 2015ರ ಡಿಸೆಂಬರ್‌ನಲ್ಲಿ 7.0 ಜೊತೆ ಬಂದ ಇದು ಸಂಖ್ಯೆಯನ್ನು ಆಪರೇಟಿಂಗ್ ಸಿಸ್ಟಮ್‌ನಿಂದಲೇ ಪಡೆಯುತ್ತದೆ. ಆರಂಕಿಯ ಒಟಿಪಿ ಬೇಕೆಂದು ಹಲವರು 100000ದಿಂದ ಶುರು ಮಾಡುತ್ತಾರೆ. ಹಾಗಾದರೆ ಒಂದು ಲಕ್ಷ ಸಂಖ್ಯೆ ಸುಮ್ಮನೆ ಕೈಬಿಟ್ಟುಹೋಗುತ್ತವೆ. ನಾನು 0ಯಿಂದ 999999ರವರೆಗೆ ತೆಗೆದು, ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿ, ಎಡಕ್ಕೆ ಸೊನ್ನೆ ತುಂಬುತ್ತೇನೆ: 4821 ಬಂದರೆ ಅದು 004821. ಡೇಟಾಬೇಸ್‌ನಲ್ಲೂ ಆ ಕಾಲಂ ಅಕ್ಷರದ್ದೇ ಆಗಿರಬೇಕು, ಇಲ್ಲದಿದ್ದರೆ ಸೊನ್ನೆಗಳು ಅಲ್ಲಿ ಮಾಯ.

ರ‍್ಯಾಂಡಮ್_ಬೈಟ್ಸ್‌ನಿಂದ (ಬೈಟ್‌ಗಳನ್ನೇ ಕೊಡುವ ಫಂಕ್ಷನ್) ಒಂದು ಬೈಟ್ ತೆಗೆದು 10ರಿಂದ ಭಾಗಿಸಿ ಶೇಷ ಹಿಡಿದರೂ ಅಂಕಿ ಸಿಗುತ್ತದಲ್ಲ ಅನ್ನಿಸಬಹುದು. ಸಿಗುತ್ತದೆ, ಆದರೆ ಸಮನಾಗಿ ಅಲ್ಲ. ಬೈಟ್‌ಗೆ 256 ಬೆಲೆಗಳು. 0ಯಿಂದ 5ರವರೆಗಿನ ಅಂಕಿಗಳಿಗೆ ತಲಾ 26 ಬೀಳುತ್ತವೆ, 6ರಿಂದ 9ಕ್ಕೆ 25. ರ‍್ಯಾಂಡಮ್_ಇಂಟ್ ಇಂಥ ಹೆಚ್ಚುವರಿ ಬೆಲೆಗಳನ್ನು ಬಿಸಾಡಿ ಮತ್ತೆ ತೆಗೆಯುತ್ತದೆ. ಹಾಗಾಗಿ ಅಂಕಿಗೆ ಅದನ್ನೇ ಕರೆಯುತ್ತೇನೆ. ಪಾಸ್‌ವರ್ಡ್ ಬದಲಿಸುವ ಲಿಂಕ್‌ಗೆ ಮಾತ್ರ 16 ಬೈಟ್ ತೆಗೆದು ಹೆಕ್ಸ್ (ಬೈಟ್‌ಗೆ ಎರಡು ಅಕ್ಷರದ ಬರಹ) ಮಾಡುತ್ತೇನೆ, 32 ಅಕ್ಷರದ ಟೋಕನ್ ಸಿದ್ಧ. ಇಲ್ಲಿ ಯೂನಿಕ್‌ಐಡಿ ಫಂಕ್ಷನ್ ಬೇಡವೇ ಬೇಡ, ಅದು ಗಡಿಯಾರದ ಸಮಯದಿಂದ ಹುಟ್ಟುವಂಥದ್ದು, ಊಹಿಸಬಹುದು.

ಸಿಸ್ಟಮ್‌ನಿಂದ ಏನೂ ಸಿಗದಿದ್ದರೆ ರ‍್ಯಾಂಡಮ್_ಇಂಟ್ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆಯುತ್ತದೆ. ಅದನ್ನು ಹಿಡಿದು ಎಂಟಿ_ರ‍್ಯಾಂಡ್‌ಗೆ ಇಳಿಯುವ ಕೋಡ್ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಲಾಗಿನ್ ನಿಂತರೆ ನಿಲ್ಲಲಿ.

ಕ್ವಿಜ್‌ನ ಪ್ರಶ್ನೆ ಕಲಸುವಾಗ ಲೆಕ್ಕ ಬೇರೆ. ಪುಟ ರಿಫ್ರೆಶ್ ಮಾಡಿದರೂ ಒಬ್ಬರಿಗೆ ಅದೇ ಕ್ರಮ ಬರಬೇಕು. 8.2ರಲ್ಲಿ ಬಂದ ರ‍್ಯಾಂಡಮೈಸರ್‌ಗೆ ಎಂಟಿ19937 ಎಂಜಿನ್ (ಅದೇ ಮರ್ಸೆನ್ ಟ್ವಿಸ್ಟರ್) ಕೊಟ್ಟು, ಪ್ರತಿಯೊಬ್ಬರಿಗೂ ಒಂದು ಸೀಡ್ ಉಳಿಸಿಡುತ್ತೇನೆ. ಸೀಡ್ ಅದೇ ಆದರೆ ಕ್ರಮವೂ ಅದೇ. ಆ ಸೀಡ್ ಸರ್ವರ್‌ನಲ್ಲೇ ಇರುತ್ತದೆ, ಬ್ರೌಸರ್‌ಗೆ ಕಳಿಸುವುದಿಲ್ಲ.