ಶೇಕಡಾ ಬಿಟ್ಟು ಚುಕ್ಕಿ ಹಿಡಿದೆ

ಆರೋಗ್ಯ ಸಂಶೋಧನೆಯೊಂದನ್ನು ಒಂದೇ ಪುಟದ ಇನ್ಫೋಗ್ರಾಫಿಕ್ (ಮಾಹಿತಿಯನ್ನು ಚಿತ್ರದಲ್ಲಿ ಹೇಳುವ ಪುಟ) ಮಾಡುವಾಗ ತಲೆನೋವಾದದ್ದು 'ಅಪಾಯ ಶೇ. 50 ಕಡಿಮೆ' ಅನ್ನುವ ಸಾಲು. ಕರಡು ನೋಡಿದವರು ಅರ್ಧ ಜನ ಬಚಾವ್ ಅಂದುಕೊಂಡರು. 1000 ಜನರಲ್ಲಿ ಕಾಯಿಲೆ ಬರುವವರು 2ರಿಂದ 1ಕ್ಕೆ ಇಳಿದರೂ ಅದು ಶೇ. 50 ಇಳಿಕೆಯೇ, ಅಲ್ವಾ?

ಹಾಗಾಗಿ ಶೇಕಡಾ ತೆಗೆದು, ತಲಾ 1000 ಚುಕ್ಕಿಗಳ ಎರಡು ಚೌಕಗಳನ್ನು ಪಕ್ಕಪಕ್ಕ ಇಟ್ಟೆ: ಒಂದು ಅಪಾಯ ಇಳಿಯುವ ಮೊದಲಿನದು, ಇನ್ನೊಂದು ಇಳಿದ ಮೇಲಿನದು. ಕಾಯಿಲೆ ಬಂದವರ ಚುಕ್ಕಿಗೆ ಮಾತ್ರ ಗಾಢ ಬಣ್ಣ. ಎರಡರಲ್ಲೂ ಒಟ್ಟು ಸಂಖ್ಯೆ ಒಂದೇ ಇರಬೇಕು; ಒಂದು ಕಡೆ 100, ಇನ್ನೊಂದು ಕಡೆ 1000 ಆದರೆ ಹೋಲಿಕೆ ಕೆಟ್ಟಿತು. ಎಷ್ಟು ವರ್ಷಗಳ ಲೆಕ್ಕ ಅನ್ನುವುದನ್ನೂ ಕೆಳಗೆ ಬರೆದೆ.

ಕೆಂಪು-ಹಸಿರು ಜೋಡಿ ಬಿಟ್ಟೆ, ಬಣ್ಣಗುರುಡು ಇರುವವರಿಗೆ ಗೊಂದಲ. ಸುಮ್ನೆ ಅಂದಕ್ಕೆ ಹಾಕಿದ್ದ ಐಕಾನ್‌ಗಳೂ ಹೋದವು. ಈಗ ನೋಡಿದವರು 'ಸಾವಿರಕ್ಕೆ ಒಬ್ಬರು ಕಡಿಮೆ' ಅಂತ ಸರಿಯಾಗಿ ಹೇಳುತ್ತಾರೆ.