ಹಾಲು ಬಿಟ್ಟೆ, ಕಾಫಿ ಬಿಡಲಿಲ್ಲ: ಹನ್ನೊಂದು ಕೆಜಿ ಇಳಿಸಿದ ನನ್ನ ಅನುಭವ

ಕಾಫಿ ಕುಡಿದುಕೊಂಡೇ ತೂಕ ಇಳಿಸುತ್ತೇನೆ ಅಂದಾಗ ವಾಕಿಂಗ್ ಗುಂಪಿನವರು ಬಿದ್ದು ಬಿದ್ದು ನಕ್ಕರು. ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ಸುತ್ತು ಹಾಕುವ ಐದು ಜನ ನಾವು. ನಡೆದದ್ದಕ್ಕಿಂತ ಆಮೇಲೆ ನಿಂತು ತಿಂದ ಇಡ್ಲಿ ವಡೆಯೇ ಜಾಸ್ತಿ. "ಕಾಫಿಗೆ ಹೊಟ್ಟೆ ಕರಗೋದಾದ್ರೆ ಸಕಲೇಶಪುರದಲ್ಲಿ ಒಬ್ಬರಿಗೂ ಹೊಟ್ಟೆ ಇರಬಾರದಿತ್ತು" ಅಂದರು ಒಬ್ಬರು. ಆಗ ನನಗೆ 47 ವರ್ಷ, ತೂಕ 87 ಚಿಲ್ಲರೆ. ಈಗ 49, ತೂಕ 76ರ ಆಸುಪಾಸು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಜಿಮ್ಮಿಗೆ ವರ್ಷಕ್ಕೆ 14 ಸಾವಿರ ಕಟ್ಟಿ ಹೋದದ್ದು ಹತ್ತೊಂಬತ್ತೋ ಇಪ್ಪತ್ತೋ ದಿನ. ಊಟದ ಬದಲು ಕುಡಿಯುವ ಪುಡಿ, ಡಬ್ಬಿಗೆ 2,400ರಂತೆ ಮೂರು ಡಬ್ಬಿ. ನಾಲ್ಕು ಕೆಜಿ ಇಳಿಯಿತು, ಬಿಟ್ಟ ಮೇಲೆ ಐದು ಏರಿತು. ಹಸಿರು ಕಾಫಿ ಬೀಜದ ಪುಡಿ 900 ರೂಪಾಯಿ. ಕಲಸಿದರೆ ಒದ್ದೆ ಗೋಣಿಚೀಲದ ವಾಸನೆ. ಒಂದು ತಿಂಗಳು ಮೂಗು ಹಿಡಿದು ಕುಡಿದೆ, ತೂಕದ ಮುಳ್ಳು ಅಲ್ಲಾಡಲಿಲ್ಲ. ಒಟ್ಟು 22 ಸಾವಿರ ನೀರಿಗೆ ಹೋಯಿತು.

ದಾರಿ ಸಿಕ್ಕಿದ್ದು ಮಗಳು ಕೇಕ್ ಮಾಡಲು ತಂದಿದ್ದ ನಾನೂರು ರೂಪಾಯಿಯ ಪುಟ್ಟ ತಕ್ಕಡಿಯಿಂದ. ಒಂದು ಭಾನುವಾರ ಸುಮ್ನೆ ಕೂತು ನಾನು ದಿನಕ್ಕೆ ಕುಡಿಯುವ ಕಾಫಿ ಅಳೆದೆ. ಆರು ಲೋಟ. ಲೋಟಕ್ಕೆ ನೂರು ಎಂಎಲ್ ಮೇಲೆ ಗಟ್ಟಿ ಹಾಲು, ಎರಡು ಚಮಚ ಸಕ್ಕರೆ. ಹನ್ನೆರಡು ಚಮಚ ಸಕ್ಕರೆ ಬಟ್ಟಲಿಗೆ ಸುರಿದು ತೂಗಿದರೆ 55 ಗ್ರಾಂ! ಹಾಲೂ ಸೇರಿ ಅಂದಾಜು ಆರುನೂರು ಕ್ಯಾಲರಿ. ಊಟದಲ್ಲಿ ಅನ್ನ ಕಡಿಮೆ ಮಾಡಿದೆ ಅಂತ ಬೀಗುತ್ತಿದ್ದವನು ಕಾಫಿಯಲ್ಲೇ ಒಂದು ಊಟ ಕುಡಿದು ಮುಗಿಸುತ್ತಿದ್ದೆ.

ಮರುದಿನವೇ ಹಾಲು, ಸಕ್ಕರೆ ಬಂದ್. ಬರೀ ಡಿಕಾಕ್ಷನ್‌ಗೆ ಬಿಸಿನೀರು. ಬಾಯಿಗಿಡಲು ಆಗಲಿಲ್ಲ. ನಮ್ಮ ಪುಡಿಯಲ್ಲಿ ನೂರಕ್ಕೆ ನಲವತ್ತು ಚಿಕೋರಿ, ಅಂದರೆ ಹುರಿದ ಬೇರಿನ ಪುಡಿ. ಹಾಲಿದ್ದಾಗ ಅದೇ ರುಚಿ, ಹಾಲಿಲ್ಲದಿದ್ದರೆ ಕಷಾಯ. ಕಾಫಿಯ ಚುರುಕು ಕೊಡುವ ಕೆಫೀನ್ ಕೂಡ ಚಿಕೋರಿಯಲ್ಲಿ ಇಲ್ಲ. ಸರಿ, ಚಿಕೋರಿ ಇಲ್ಲದ ಪುಡಿಗೆ ಹೋದೆ. ಅಲ್ಲಿ ದುರಾಸೆ ಮಾಡಿದೆ. ಕಾಫಿ ಬೀಜದಲ್ಲಿ ರೊಬಸ್ಟಾ, ಅರೇಬಿಕಾ ಅಂತ ಎರಡು ಜಾತಿ; ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚು ಕಡಿಮೆ ದುಪ್ಪಟ್ಟು ಕೆಫೀನ್ ಅಲ್ವಾ, ಪೂರ್ತಿ ಅದನ್ನೇ ಬೀಸಿಸಿಕೊಂಡು ಬಂದೆ. ನನ್ನದು ಎಲೆಕ್ಟ್ರಿಕಲ್ ಕಾಂಟ್ರಾಕ್ಟ್ ಕೆಲಸ. ನಾಲ್ಕನೇ ದಿನ ಒಂದು ಮನೆಯ ಬೋರ್ಡ್ ಬಿಚ್ಚಿ ಟೆಸ್ಟರ್ ಇಟ್ಟರೆ ಅದರ ತುದಿ ಸ್ಕ್ರೂ ಮೇಲೆ ನಿಲ್ಲುತ್ತಲೇ ಇಲ್ಲ, ಟಕಟಕ ಅಂತ ಕುಣಿಯುತ್ತಿದೆ. ಜೊತೆಗಿದ್ದ ಹುಡುಗ "ಅಣ್ಣ, ನೀವು ಕೂತ್ಕೊಳ್ಳಿ" ಅಂತ ಕಿತ್ತುಕೊಂಡ. ಸಂಜೆ ಬಿಪಿ 150ರ ಮೇಲೆ. ಡಾಕ್ಟರ ಹತ್ತಿರ ಬೈಸಿಕೊಂಡೆ. ಬಿಪಿ, ಎದೆಬಡಿತದ ತೊಂದರೆ ಇರುವವರು ಕೇಳದೆ ಇದಕ್ಕೆ ಕೈ ಹಾಕಬೇಡಿ.

ಈಗ ಎರಡೂ ಬೀಜ ಸೇರಿಸಿ ಬೀಸಿಸುತ್ತೇನೆ. ಪ್ರಮಾಣ ಹೇಳಲ್ಲ, ಅದಕ್ಕೆ ಐದು ತಿಂಗಳು ಹಾಳುಮಾಡಿಕೊಂಡಿದ್ದೇನೆ. ದಿನಕ್ಕೆ ಮೂರೇ ಲೋಟ. ಆರರಿಂದ ಮೂರಕ್ಕೆ ಇಳಿದ ಎರಡನೇ ದಿನ ತಲೆ ಸಿಡಿಯಿತು, ನಾಲ್ಕನೇ ದಿನಕ್ಕೆ ಸರಿಹೋಯಿತು.

ಹೊತ್ತಿನ ವಿಷಯದಲ್ಲಿ ಇನ್ನೆರಡು ಪೆಟ್ಟು ತಿಂದೆ. ಖಾಲಿ ಹೊಟ್ಟೆಗೆ ಕುಡಿದು ನಡೆಯಲು ಹೋದರೆ ಅರ್ಧ ದಾರಿಗೇ ಎದೆಯುರಿ. ಈಗ ಮೊದಲು ಅರ್ಧ ಬಾಳೆಹಣ್ಣು, ಆಮೇಲೆ ಕಾಫಿ, ಮುಕ್ಕಾಲು ಗಂಟೆ ಬಿಟ್ಟು ವಾಕಿಂಗ್. ಮೊದಲು ಐದು ಸುತ್ತಿಗೇ ಏದುಸಿರು ಬಿಡುತ್ತಿದ್ದವನು ಈಗ ಒಂಬತ್ತು ಸುತ್ತು ಹಾಕುತ್ತೇನೆ. ಇನ್ನೊಂದು ಪೆಟ್ಟು ಸಂಜೆ ಆರರ ಕಾಫಿ. ರಾತ್ರಿ ಒಂದಾದರೂ ಕಣ್ಣು ಮುಚ್ಚದೆ ಎದ್ದು ಹೋಗಿ ಚಕ್ಕುಲಿ ಡಬ್ಬಿ ತೆಗೆಯುತ್ತಿದ್ದೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲೇ ಐದಾರು ಗಂಟೆ ಬೇಕು. ಈಗ ಮಧ್ಯಾಹ್ನ ಎರಡಕ್ಕೆ ಕೊನೇ ಲೋಟ. ನಾಲ್ಕು ಗಂಟೆಗೆ ಬಜ್ಜಿ ಅಂಗಡಿ ಕರೆಯುತ್ತದಲ್ಲ, ಆಗ ನಾನು ಬಾಯಿಗೆ ಹಾಕಿಕೊಳ್ಳುವುದೇ ಬೇರೆ. ಗುಂಪಿನವರಿಗೂ ಅದನ್ನು ಇನ್ನೂ ಹೇಳಿಲ್ಲ.

ಊಟದಲ್ಲಿ ದೊಡ್ಡ ಬದಲಾವಣೆ ಮುದ್ದೆಯದು. ತೂಗಿದರೆ ನನ್ನ ಒಂದು ಮುದ್ದೆ 380 ಗ್ರಾಂ! ರಾಗಿ ಅಂದ ಮಾತ್ರಕ್ಕೆ ಎಷ್ಟು ತಿಂದರೂ ನಡೆಯುತ್ತೆ ಅನ್ನೋದು ನಮ್ಮ ಕಡೆಯವರ ಭ್ರಮೆ. ಅರ್ಧ ಮಾಡಿದೆ. ಜೊತೆಗೆ ಬಸ್ಸಾರಿನ ಕಾಳು, ಸೊಪ್ಪಿನ ಪಲ್ಯ ಎರಡು ಪಟ್ಟು. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ, ಮೊಳಕೆ ಹೆಸರುಕಾಳು. ರಾತ್ರಿ ಒಂದು ಸೌಟು ಅನ್ನ, ಮಜ್ಜಿಗೆ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕೂವರೆ ಲೀಟರ್ ಎಣ್ಣೆ ಬರುತ್ತಿತ್ತು, ಈಗ ಎರಡೂವರೆ. ಹಾಲಿನಲ್ಲಿ ತಿಂಗಳಿಗೆ ಏಳುನೂರು ಉಳಿಯುತ್ತದೆ. ಪುಡಿ ಕೆಜಿಗೆ ಸಾವಿರದ ಹತ್ತಿರ ಆಗಿದೆ, ಆದರೂ ಲಾಭವೇ.

ನನ್ನ ಹೆಂಡತಿ ಜೊತೆಗೆ ಶುರುಮಾಡಿದಳು. ಅವಳಿಗೆ ರಕ್ತ ಕಡಿಮೆ. ಊಟದ ಜೊತೆ ಕಾಫಿ ಕುಡಿದರೆ ಊಟದಲ್ಲಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತಲ್ಲ ಅಂತ ಗೊತ್ತಾದ ಮೇಲೆ ಊಟಕ್ಕೂ ಕಾಫಿಗೂ ಒಂದು ಗಂಟೆಗಿಂತ ಜಾಸ್ತಿ ಅಂತರ ಇಡುತ್ತಾಳೆ.

ನಡುವೆ ಹುಚ್ಚಾಟಗಳೂ ಆದವು. ಕಾಫಿಗೆ ತುಪ್ಪ ಹಾಕಿ ಕುಡಿದರೆ ಹಸಿವಾಗಲ್ಲ ಅಂದರು. ಎಂಟು ದಿನ ಕುಡಿದೆ. ಮೀಸೆ ಜಿಡ್ಡಾಯಿತು, 700 ಗ್ರಾಂ ಏರಿತು, ಹಸಿವು ಇದ್ದಲ್ಲೇ ಇತ್ತು. ಬೆಲ್ಲದ ಕಾಫಿಯೂ ಆಯಿತು. ಅದೂ ಸಕ್ಕರೆಯ ಅಣ್ಣನೇ. ಗೆದ್ದದ್ದು ಒಂದು: ಪುಡಿಯನ್ನು ತಣ್ಣೀರಲ್ಲಿ ನೆನೆಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಸೋಸಿದರೆ ಕಹಿ ಕಡಿಮೆ, ನನ್ನ ಹೊಟ್ಟೆಗೂ ಹಿತ. ಬೇಸಿಗೆ ಪೂರ್ತಿ ಅದೇ.

80ಕ್ಕೆ ಬಂದು ತೂಕ ಏಳು ವಾರ ಕದಲಲಿಲ್ಲ. ನಾಲ್ಕನೇ ಲೋಟ ಸೇರಿಸಿದೆ, ನಿದ್ದೆ ಕೆಟ್ಟಿತೇ ಹೊರತು ಮುಳ್ಳು ಇಳಿಯಲಿಲ್ಲ. ಕೊನೆಗೆ ಗೋಡೌನಿನಲ್ಲಿ ದಿನಾ ಇಪ್ಪತ್ತು ನಿಮಿಷ ವೈರ್ ಬಂಡಲ್ ಎತ್ತಿ ಇಳಿಸಲು ಶುರುಮಾಡಿದೆ, ವಾರದ ಕೊನೆಯ ಹೋಟೆಲ್ ಊಟವನ್ನು ತಿಂಗಳಿಗೊಂದು ಮಾಡಿದೆ. ಮತ್ತೆ ಇಳಿಯತೊಡಗಿತು.

ಬೆಲ್ಟಿಗೆ ಮೂರು ಹೊಸ ತೂತು ಬಿದ್ದಿವೆ. ಹೋದ ತಿಂಗಳು ಸಕಲೇಶಪುರದ ಜೋಕು ಹೊಡೆದವರೇ ಪಕ್ಕಕ್ಕೆ ಕರೆದು ಪುಡಿ ಎಲ್ಲಿ ತಗೋತೀರಿ ಅಂತ ಕೇಳಿದರು. ಅಂಗಡಿ ಹೇಳಿದೆ. ಒಂದು ವಾರ ಬಿಟ್ಟು ವಿಚಾರಿಸಿದರೆ ಹಾಲು ಹಾಕಿಯೇ ಕುಡಿಯುತ್ತಿದ್ದಾರೆ.